ಫೆಮ್ಟೋಸೆಕೆಂಡ್ ಲೇಸರ್ ಪಲ್ಸ್ ಅಳೆಯುವುದು ಹೇಗೆ: ಅಗಲ ಮಾತ್ರ ಸಾಲದು, ಫೇಸ್ ಕೂಡ ಬೇಕು

ದಾವಣಗೆರೆ, ಚಿತ್ರದುರ್ಗ ಕಡೆ ಎಂ.ಎಸ್ಸಿ. ಫಿಸಿಕ್ಸ್ ಓದುವವರು ಬೇಸಿಗೆ ಪ್ರಾಜೆಕ್ಟಿಗೆ ಅಂತ ಬೆಂಗಳೂರು, ಹೈದರಾಬಾದ್, ಮುಂಬೈ, ಇಂದೋರ್ ಲ್ಯಾಬುಗಳಿಗೆ ಅರ್ಜಿ ಹಾಕುತ್ತಾರೆ. ಅಲ್ಟ್ರಾಫಾಸ್ಟ್ ಲೇಸರ್ ಲ್ಯಾಬ್ ಸಿಕ್ಕಿದರೆ ಶುರುವಿನಲ್ಲೇ ಬರುವ ಕೆಲಸ ಒಂದಿದೆ: "ಪಲ್ಸ್ ಎಷ್ಟಿದೆ, ಅಳೆದು ಹೇಳಿ." ಪಲ್ಸ್ ಅಂದರೆ ಲೇಸರಿನಿಂದ ಹೊರಡುವ ಬೆಳಕಿನ ಚಿಕ್ಕ ಮಿಡಿತ, ಅದು ಎಷ್ಟು ಹೊತ್ತಿನದು ಎನ್ನುವುದೇ ಪ್ರಶ್ನೆ. ಬಹಳ ಜನ ಒಂದು ನಂಬರ್ ತಂದು ಕೊಡುತ್ತಾರೆ. 50 ಫೆಮ್ಟೋಸೆಕೆಂಡ್, ಮುಗೀತು. ಆದರೆ ಆ ನಂಬರ್ ಒಂದರಿಂದಲೇ ಪಲ್ಸ್ ಚೆನ್ನಾಗಿದೆಯೋ, ಕೆಟ್ಟಿದೆಯೋ, ಕೆಟ್ಟಿದ್ದರೆ ಎಲ್ಲಿ ಸರಿಮಾಡಬೇಕೋ ಗೊತ್ತಾಗುವುದಿಲ್ಲ. ಅದಕ್ಕೆ ಫೇಸ್ ಬೇಕು, ಅಂದರೆ ಪಲ್ಸಿನೊಳಗಿನ ಬಣ್ಣಗಳು ಯಾವ ಕ್ರಮದಲ್ಲಿ ಬರುತ್ತವೆ ಎನ್ನುವ ಮಾಹಿತಿ. ಫೇಸ್ ಸಿಕ್ಕಿದ ಮೇಲೂ, ಅದು ನಿಜವೇ ಅಂತ ಬೇರೆ ದಾರಿಯಿಂದ ಪರೀಕ್ಷೆ ಮಾಡಿ ನೋಡದೆ ನಂಬಬಾರದು. ಈ ಲೇಖನದಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಆ ಪರೀಕ್ಷೆಗಳಿಗೆ. ಕೈಪಿಡಿಗಳಲ್ಲಿ ಅವಕ್ಕೆ ಸಿಗುವ ಜಾಗ ಕಡಿಮೆ.

ಮೊದಲು, ಅಳೆಯುತ್ತಿರುವುದು ಏನನ್ನು?

ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ. ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಬರುವುದು ಒಂದು ಫೆಮ್ಟೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವ ದೂರ 0.3 ಮೈಕ್ರಾನ್. 100 ಫೆಮ್ಟೋಸೆಕೆಂಡಿನ ಪಲ್ಸ್ ಗಾಳಿಯಲ್ಲಿ ಹೋಗುವಾಗ ಅದರ ಉದ್ದ 30 ಮೈಕ್ರಾನ್, ಅಂದರೆ ತಲೆಕೂದಲ ದಪ್ಪಕ್ಕಿಂತಲೂ ಕಡಿಮೆ. ಒಳ್ಳೆಯ ಫೋಟೋಡಯೋಡ್, ಒಳ್ಳೆಯ ಆಸಿಲೋಸ್ಕೋಪ್ ಜೋಡಿಸಿದರೂ ಪಿಕೋಸೆಕೆಂಡುಗಳ ಮಟ್ಟದಲ್ಲಿ ನಿಂತುಬಿಡುತ್ತವೆ. ಸ್ಕ್ರೀನಿನ ಮೇಲೆ ಕಾಣುವ ಗೆರೆ ಫೋಟೋಡಯೋಡಿನದು, ಪಲ್ಸಿನದಲ್ಲ. ಇಷ್ಟು ಚಿಕ್ಕದನ್ನು ಅಳೆಯಲು ಅಷ್ಟೇ ಚಿಕ್ಕ ಇನ್ನೊಂದು ಬೇಕು. ಸದ್ಯಕ್ಕೆ ಕೈಯಲ್ಲಿರುವುದು ಆ ಪಲ್ಸ್ ಒಂದೇ. ಹಾಗಾಗಿ ಅದನ್ನೇ ಎರಡಾಗಿ ಸೀಳಿ, ಒಂದರಿಂದ ಇನ್ನೊಂದನ್ನು ಅಳೆಯುತ್ತೇವೆ. ಮುಂದೆ ಬರುವ ಹೆಚ್ಚಿನ ವಿಧಾನಗಳು ಹುಟ್ಟಿದ್ದು ಈ ಉಪಾಯದಿಂದಲೇ.

ಪಲ್ಸ್ ಇಷ್ಟು ಚಿಕ್ಕದಾಗಬೇಕಾದರೆ ಅದರಲ್ಲಿ ಹಲವು ಬಣ್ಣ ಇರಲೇಬೇಕು. ಯಾವುದಾದರೂ ರೈಲ್ವೆ ಗೇಟಿನಲ್ಲಿ ನಿಂತು ಗೂಡ್ಸ್ ಗಾಡಿ ನೋಡುತ್ತಿದ್ದೀರಿ ಅಂದುಕೊಳ್ಳಿ. ಗಾಡಿ ದಾಟಲು ಎಷ್ಟು ಹೊತ್ತು ಬೇಕಾಯಿತು ಎನ್ನುವುದು ಪಲ್ಸಿನ ಅಗಲ. ಯಾವ ಬಣ್ಣದ ಬೋಗಿ ಮುಂದೆ ಬಂತು, ಯಾವುದು ಹಿಂದೆ ಬಂತು ಎನ್ನುವುದು ಫೇಸ್. ಗಡಿಯಾರ ಹಿಡಿದು ನಿಂತವನಿಗೆ ಮೊದಲನೆಯದು ಮಾತ್ರ ಸಿಗುತ್ತದೆ.

ಕೆಂಪು ಮುಂದೆ, ನೀಲಿ ಹಿಂದೆ ಬಂದರೆ ಪಾಸಿಟಿವ್ ಚರ್ಪ್ ಅನ್ನುತ್ತೇವೆ. ಉಲ್ಟಾ ಇದ್ದರೆ ನೆಗೆಟಿವ್ ಚರ್ಪ್. ಎಲ್ಲ ಬಣ್ಣಗಳೂ ಒಟ್ಟಿಗೆ ಬಂದರೆ ಫೇಸ್ ಚಪ್ಪಟೆ. ಆ ಸ್ಪೆಕ್ಟ್ರಮ್ಮಿಗೆ ಸಾಧ್ಯವಿರುವ ಅತಿ ಚಿಕ್ಕ ಪಲ್ಸ್ ಆಗ ಸಿಗುತ್ತದೆ.

ಇಲ್ಲೇ ಒಂದು ಲೆಕ್ಕ ಕಲಿತುಬಿಡಿ, ದಿನಾ ಬೇಕಾಗುತ್ತದೆ. ಗೌಸಿಯನ್ ಪಲ್ಸಿಗೆ ಅಗಲ ಮತ್ತು ಫ್ರೀಕ್ವೆನ್ಸಿ ಹರವಿನ ಗುಣಲಬ್ಧ 0.441ಕ್ಕಿಂತ ಕಡಿಮೆ ಆಗುವುದಿಲ್ಲ. ಸೆಕ್ ಸ್ಕ್ವೇರ್ ಆಕಾರಕ್ಕೆ ಅದು 0.315. 800 ನ್ಯಾನೋಮೀಟರ್ ಸುತ್ತ 10 ನ್ಯಾನೋಮೀಟರ್ ಹರವು ಅಂದರೆ ಸುಮಾರು 4.7 ಟೆರಾಹರ್ಟ್ಸ್. 0.441ನ್ನು ಅದರಿಂದ ಭಾಗಿಸಿದರೆ 94 ಫೆಮ್ಟೋಸೆಕೆಂಡ್. ನಿಮ್ಮ ಸ್ಪೆಕ್ಟ್ರೋಮೀಟರ್ 10 ನ್ಯಾನೋಮೀಟರ್ ತೋರಿಸುತ್ತಿದ್ದು, ಯಾರಾದರೂ ಪಲ್ಸ್ 40 ಫೆಮ್ಟೋಸೆಕೆಂಡ್ ಅಂದರೆ ಎಲ್ಲೋ ಎಡವಟ್ಟಾಗಿದೆ. ಲೇಸರ್ ಮುಟ್ಟುವ ಮೊದಲೇ ಈ ಲೆಕ್ಕ ಮಾಡಿ ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ಬರೆದುಕೊಳ್ಳಿ.

ಊರಲ್ಲೇ ಮಾಡಿಕೊಳ್ಳಬಹುದಾದ ತಯಾರಿ

"ನಮ್ಮ ಕಾಲೇಜಲ್ಲಿ ಫೆಮ್ಟೋಸೆಕೆಂಡ್ ಲೇಸರ್ ಇಲ್ಲ, ನಾವೇನು ತಯಾರಿ ಮಾಡೋದು" ಎಂದು ಸುಮ್ನೆ ಕೂರಬೇಡಿ. ಅರ್ಧ ಕೌಶಲ ನಿಮ್ಮ ಎಂ.ಎಸ್ಸಿ. ಲ್ಯಾಬಿನಲ್ಲೇ ಸಿಗುತ್ತದೆ. ತೋಳಹುಣಸೆಯ ಕ್ಯಾಂಪಸ್ಸಿನಲ್ಲಿ ಓದುವವರಾಗಲಿ, ಚಿತ್ರದುರ್ಗದ ಡಿಗ್ರಿ ಕಾಲೇಜಿನವರಾಗಲಿ, ಈ ಮೂರು ಕೆಲಸ ಮಾಡಿಕೊಂಡು ಹೋಗಿ.

ಮೊದಲನೆಯದು ಮೈಕೆಲ್ಸನ್ ಇಂಟರ್‌ಫೆರೋಮೀಟರ್. ಸೋಡಿಯಂ ದೀಪ ಇಟ್ಟು ರಿಂಗುಗಳನ್ನು ಎಣಿಸಿ ರೆಕಾರ್ಡ್ ಬರೆದರೆ ಪರೀಕ್ಷೆಗೆ ಸಾಕು, ನಿಜ. ಆದರೆ ಅಲ್ಲಿಗೆ ನಿಲ್ಲಬೇಡಿ. ಕನ್ನಡಿ ಸರಿಸುತ್ತಾ ಹೋದಂತೆ ಪ್ರತಿ 0.29 ಮಿಲಿಮೀಟರಿಗೊಮ್ಮೆ ಫ್ರಿಂಜುಗಳು ಮಸುಕಾಗಿ ಮತ್ತೆ ಬರುತ್ತವೆ. ಸೋಡಿಯಂನ ಎರಡು ಗೆರೆಗಳು ಮಾಡುವ ಕೆಲಸ ಅದು. ಆಮೇಲೆ ಬಿಳಿ ಬಲ್ಬ್ ಇಟ್ಟು ಫ್ರಿಂಜ್ ಹುಡುಕಿ. ಎರಡೂ ದಾರಿಗಳು ಕೆಲವೇ ಮೈಕ್ರಾನಿನೊಳಗೆ ಸಮನಾದಾಗ ಮಾತ್ರ ಬಣ್ಣದ ಪಟ್ಟಿಗಳು ಥಟ್ಟನೆ ಕಾಣಿಸುತ್ತವೆ. ಸ್ವಲ್ಪ ಜಾಸ್ತಿ ತಿರುಗಿಸಿದಿರೋ, ಮಾಯ. ಫೆಮ್ಟೋಸೆಕೆಂಡ್ ಲ್ಯಾಬಿನಲ್ಲಿ ಸೊನ್ನೆ ಡಿಲೇ (ಎರಡು ಪಲ್ಸುಗಳು ಒಂದೇ ಕ್ಷಣಕ್ಕೆ ಬಂದು ಸೇರುವ ಸ್ಥಿತಿ) ಹುಡುಕುವುದೂ ಇದೇ ಕೆಲಸ. ಅದಕ್ಕೆ ಬೇಕಾದ ತಾಳ್ಮೆ ಮತ್ತು ಬೆರಳಿನ ಹದ ಇಲ್ಲೇ ಬಂದುಬಿಡುತ್ತದೆ. ಮೈಕೆಲ್ಸನ್ನಿನ ಒಂದು ತೋಳಿನಲ್ಲಿ ಕಾಂಪೆನ್ಸೇಟಿಂಗ್ ಪ್ಲೇಟ್ ಯಾಕಿದೆ ಎಂದೂ ಯೋಚಿಸಿ. ಎರಡೂ ಕಿರಣ ಒಂದೇ ದಪ್ಪದ ಗಾಜು ದಾಟಲಿ ಅಂತ. ಆ ಕಾರಣ ಮುಂದೆ ಮತ್ತೆ ಬರುತ್ತದೆ.

ಎರಡನೆಯದು ಪಾದರಸದ ದೀಪ. ಗ್ರೇಟಿಂಗ್ ಪ್ರಯೋಗಕ್ಕೆ ಬಳಸುತ್ತೀರಲ್ಲ, ಅದೇ. ಅದರ 404.7 ಮತ್ತು 435.8 ನ್ಯಾನೋಮೀಟರ್ ಗೆರೆಗಳನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. 800 ನ್ಯಾನೋಮೀಟರ್ ಲೇಸರಿನ ಎರಡನೇ ಹಾರ್ಮೋನಿಕ್ (ಹರಳಿನಲ್ಲಿ ಫ್ರೀಕ್ವೆನ್ಸಿ ಎರಡು ಪಟ್ಟಾಗಿ ಹುಟ್ಟುವ ಬೆಳಕು) 400ರ ಸುತ್ತ ಬರುತ್ತದೆ. ಅಲ್ಲಿ ಸ್ಪೆಕ್ಟ್ರೋಮೀಟರನ್ನು ಕ್ಯಾಲಿಬ್ರೇಟ್ ಮಾಡಲು ಇವಕ್ಕಿಂತ ಅನುಕೂಲದ ಗೆರೆಗಳಿಲ್ಲ.

ಮೂರನೆಯದು ಲ್ಯಾಪ್‌ಟಾಪ್. ಪೈಥಾನಿನಲ್ಲಿ ಒಂದು ಗೌಸಿಯನ್ ಪಲ್ಸ್ ಮಾಡಿ. ಅದನ್ನು ಅದರದೇ ಸರಿಸಿದ ಪ್ರತಿಯಿಂದ ಗುಣಿಸಿ. ಫೂರಿಯೆ ಟ್ರಾನ್ಸ್‌ಫಾರ್ಮ್ ತೆಗೆದು, ಅದರ ಪರಿಮಾಣದ ವರ್ಗ ಮಾಡಿ. ಬೇರೆ ಬೇರೆ ಡಿಲೇಗಳಿಗೆ ಹೀಗೇ ಮಾಡಿ ಪಕ್ಕಪಕ್ಕ ಜೋಡಿಸಿದರೆ ಒಂದು ಚಿತ್ರ ಬರುತ್ತದೆ. ಅದೇ ಎಸ್‌ಎಚ್‌ಜಿ ಫ್ರಾಗ್ ಟ್ರೇಸ್. ಎಸ್‌ಎಚ್‌ಜಿ ಅಂದರೆ ಎರಡನೇ ಹಾರ್ಮೋನಿಕ್ ಹುಟ್ಟಿಸುವುದು, ಫ್ರಾಗ್ ಅಂದರೆ ಪಲ್ಸ್ ಅಳೆಯುವ ಒಂದು ವಿಧಾನ, ವಿವರ ಮುಂದೆ ಬರುತ್ತದೆ. ಇಪ್ಪತ್ತು ಸಾಲಿನ ಕೋಡ್ ಸಾಕು. ಆಮೇಲೆ ಚರ್ಪ್ ಸೇರಿಸಿ ನೋಡಿ, ಮೂರನೇ ದರ್ಜೆಯ ಫೇಸ್ ಸೇರಿಸಿ ನೋಡಿ, ಎರಡು ಪಲ್ಸ್ ಪಕ್ಕಪಕ್ಕ ಇಟ್ಟು ನೋಡಿ. ಯಾವ ಪಲ್ಸಿಗೆ ಯಾವ ಚಿತ್ರ ಎಂದು ಕಣ್ಣಿಗೆ ರೂಢಿಯಾಗಬೇಕು.

ದಾವಣಗೆರೆಯ ವಿದ್ಯಾನಗರದಲ್ಲಿ ನಾವು ನಾಲ್ಕೈದು ಜನ ಕೂತು ಇದನ್ನು ಮಾಡುತ್ತಿದ್ದಾಗ ಹರಿಹರದಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಚರ್ಪಿಗೆ ಮೈನಸ್ ಹಾಕಿದ್ರೂ ಅದೇ ಚಿತ್ರ ಬರ್ತಿದೆಯಲ್ಲಾ, ಕೋಡ್ ತಪ್ಪಿದೆಯಾ?" ಕೋಡ್ ಸರಿಯಾಗಿಯೇ ಇತ್ತು. ಎರಡೂ ಚಿತ್ರಗಳನ್ನು ಕಳೆದು ನೋಡಿದೆವು, ಪೂರ್ತಿ ಸೊನ್ನೆ. ಎಸ್‌ಎಚ್‌ಜಿ ಫ್ರಾಗ್ ಪಲ್ಸಿನ ಹಿಂದುಮುಂದು ಹೇಳುವುದಿಲ್ಲ ಎನ್ನುವ ದೊಡ್ಡ ವಿಷಯವನ್ನು ಅವಳು ಲೇಸರ್ ನೋಡುವ ಮೊದಲೇ ಕಂಡುಕೊಂಡಿದ್ದಳು. ಇದಕ್ಕೆ ಪರಿಹಾರ ಕೆಳಗೆ ಬರುತ್ತದೆ.

ಯಾವ ವಿಧಾನ ಹಿಡಿಯಬೇಕು

ಹಳೆಯದು, ಸುಲಭದ್ದು ಆಟೋಕೋರಿಲೇಶನ್. ಪಲ್ಸನ್ನು ಎರಡು ಮಾಡಿ, ಒಂದಕ್ಕೆ ಡಿಲೇ ಕೊಟ್ಟು, ಎರಡನ್ನೂ ಒಂದು ಹರಳಿನಲ್ಲಿ ಕೂಡಿಸಿ, ಬರುವ ಎರಡನೇ ಹಾರ್ಮೋನಿಕ್ ಶಕ್ತಿಯನ್ನು ಡಿಲೇ ಬದಲಿಸುತ್ತಾ ಅಳೆಯುವುದು. ಸಿಗುವ ವಕ್ರರೇಖೆಯ ಅಗಲವನ್ನು ಗೌಸಿಯನ್ ಅಂದುಕೊಂಡರೆ 1.41ರಿಂದ, ಸೆಕ್ ಸ್ಕ್ವೇರ್ ಅಂದುಕೊಂಡರೆ 1.54ರಿಂದ ಭಾಗಿಸುತ್ತಾರೆ. ತೊಂದರೆ ಇರುವುದು ಆ 'ಅಂದುಕೊಂಡರೆ'ಯಲ್ಲಿ. ಪಲ್ಸ್ ಎಷ್ಟೇ ಓರೆಕೋರೆ ಇದ್ದರೂ ಆಟೋಕೋರಿಲೇಶನ್ ಎರಡೂ ಕಡೆ ಸಮನಾಗಿಯೇ ಬರುತ್ತದೆ. ಹಿಂದೆ ಪುಟ್ಟ ಬಾಲ ಇದ್ದ ಪಲ್ಸಿಗೂ ಮುಂದೆ ಬಾಲ ಇದ್ದ ಪಲ್ಸಿಗೂ ವ್ಯತ್ಯಾಸವೇ ಇಲ್ಲ. ಸ್ಪೆಕ್ಟ್ರಮ್ ಕೂಡ ಅಳೆದು ಎರಡನ್ನೂ ಸೇರಿಸಿ ನೋಡಿದರೂ ಒಂದೇ ಉತ್ತರ ಬರುತ್ತದೆ ಎನ್ನುವ ಖಾತ್ರಿ ಇಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಲೇಸರ್ ಸ್ಥಿರವಾಗಿಲ್ಲದೆ ಒಂದೊಂದು ಪಲ್ಸ್ ಒಂದೊಂದು ಥರ ಬರುತ್ತಿದ್ದರೆ, ಸರಾಸರಿ ಆಟೋಕೋರಿಲೇಶನ್ನಿನಲ್ಲಿ ಅಗಲವಾದ ದಿಬ್ಬದ ಮೇಲೆ ಚೂಪಾದ ಒಂದು ಮೊನೆ ಎದ್ದು ನಿಲ್ಲುತ್ತದೆ. ಆ ಮೊನೆಯ ಅಗಲವನ್ನೇ ಪಲ್ಸಿನ ಅಗಲ ಅಂದುಕೊಂಡವರು ಒಬ್ಬಿಬ್ಬರಲ್ಲ. ನಿಜವಾದ ಪಲ್ಸ್ ಇರುವುದು ಆ ದಿಬ್ಬದಲ್ಲಿ.

1993ರಲ್ಲಿ ಡ್ಯಾನಿಯಲ್ ಕೇನ್ ಮತ್ತು ರಿಕ್ ಟ್ರೆಬಿನೊ ಪ್ರಕಟಿಸಿದ ಫ್ರಾಗ್ ಈ ಚಿತ್ರಣವನ್ನೇ ಬದಲಿಸಿತು. ಉಪಾಯ ಸರಳ: ಆಟೋಕೋರಿಲೇಟರಿನ ಕೊನೆಯಲ್ಲಿರುವ ಡಿಟೆಕ್ಟರ್ ತೆಗೆದು ಸ್ಪೆಕ್ಟ್ರೋಮೀಟರ್ ಇಡಿ. ಪ್ರತಿ ಡಿಲೇಗೂ ಒಂದು ನಂಬರ್ ಬದಲು ಒಂದು ಪೂರ್ತಿ ಸ್ಪೆಕ್ಟ್ರಮ್ ಸಿಗುತ್ತದೆ. ಒಂದು ಆಯಾಮದ ಡೇಟಾದಿಂದ ಫೇಸ್ ಬಿಡಿಸಲಾಗದ ಗಂಟು, ಎರಡು ಆಯಾಮದ ಚಿತ್ರದಿಂದ ಬಿಡಿಸಬಹುದು.

ಇನ್ನೂ ವಿಧಾನಗಳಿವೆ. 1998ರಲ್ಲಿ ಇಯಾಕೊನಿಸ್ ಮತ್ತು ವಾಮ್ಸ್ಲಿ ತಂದ ಸ್ಪೈಡರ್‌ನಲ್ಲಿ ಪಲ್ಸಿನ ಎರಡು ಪ್ರತಿಗಳ ಫ್ರೀಕ್ವೆನ್ಸಿಯನ್ನು ಚೂರು ಬೇರೆ ಬೇರೆ ಸರಿಸಿ, ಅವು ಮಾಡುವ ಫ್ರಿಂಜಿನಿಂದ ಫೇಸನ್ನು ನೇರವಾಗಿ ಲೆಕ್ಕ ಹಾಕುತ್ತಾರೆ. ಬಹಳ ವೇಗ. ಆದರೆ ಜೋಡಿಸುವುದು ಕಷ್ಟ. ಪಲ್ಸುಗಳು ಅಸ್ಥಿರವಾಗಿದ್ದರೆ ಆ ಚೂಪು ಮೊನೆಯನ್ನಷ್ಟೇ ನೋಡಿ ಚಿಕ್ಕ ಪಲ್ಸ್ ಎಂದು ಹೇಳಿಬಿಡುತ್ತದೆ. 2012ರಲ್ಲಿ ಬಂದ ಡಿ-ಸ್ಕ್ಯಾನ್ ಗಾಜಿನ ಬೆಣೆಯನ್ನು ಒಳಗೆ ಹೊರಗೆ ಸರಿಸಿ ಎರಡನೇ ಹಾರ್ಮೋನಿಕ್ ಸ್ಪೆಕ್ಟ್ರಮ್ ನೋಡುತ್ತದೆ. ಹತ್ತು ಫೆಮ್ಟೋಸೆಕೆಂಡಿಗಿಂತ ಚಿಕ್ಕ ಪಲ್ಸುಗಳಿಗೆ ತುಂಬಾ ಚೆನ್ನ. ಮೊದಲ ಸಲ ಕಲಿಯುವವರು ಎಸ್‌ಎಚ್‌ಜಿ ಫ್ರಾಗ್‌ನಿಂದಲೇ ಶುರುಮಾಡಿ ಎನ್ನುವುದು ನನ್ನ ಸಲಹೆ. ಶಕ್ತಿ ಕಡಿಮೆ ಇದ್ದರೂ ನಡೆಯುತ್ತದೆ. ತಪ್ಪು ಮಾಡಿದರೆ ಚಿತ್ರವೇ ಹೇಳಿಬಿಡುತ್ತದೆ.

ಕಣ್ಣು

ಇದರಲ್ಲಿ ರಾಜಿ ಇಲ್ಲ. 800 ನ್ಯಾನೋಮೀಟರ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ರೆಟಿನಾವನ್ನು ಸುಡುತ್ತದೆ. ಹಾಕಿಕೊಳ್ಳುವ ಗಾಗಲ್ 800ನ್ನೂ, 400ನ್ನೂ, ಪಂಪ್ ಲೇಸರಿನ 532ನ್ನೂ ತಡೆಯುತ್ತದೆಯೇ ಎಂದು ಅದರ ಮೇಲಿನ ಬರಹ ಓದಿ ಖಚಿತ ಮಾಡಿಕೊಳ್ಳಿ. ವಾಚು, ಉಂಗುರ, ಬಳೆ ಬಿಚ್ಚಿಡಿ. ಕೆಳಗೆ ಬಿದ್ದ ಸ್ಕ್ರೂ ಎತ್ತಲು ಬಗ್ಗುವಾಗ ಮುಖ ಬೀಮಿನ ಎತ್ತರಕ್ಕೆ ಬರುತ್ತದೆ. ಮೊದಲು ಬೀಮ್ ಮುಚ್ಚಿ, ಆಮೇಲೆ ಬಗ್ಗಿ. ಗೈಡ್ ಇಲ್ಲದಾಗ ಒಬ್ಬರೇ ಅಲೈನ್ ಮಾಡಬೇಡಿ.

ಜೋಡಣೆ

ಬೀಮ್ ಸ್ಪ್ಲಿಟರ್, ಎರಡು ತೋಳು, ಒಂದು ತೋಳಿನಲ್ಲಿ ಡಿಲೇ ಸ್ಟೇಜ್, ಕೊನೆಗೆ ಎರಡೂ ಬೀಮುಗಳು ಸಣ್ಣ ಕೋನದಲ್ಲಿ ಬಂದು ಎರಡನೇ ಹಾರ್ಮೋನಿಕ್ ಹುಟ್ಟಿಸುವ ಬಿಬಿಒ (ಬೀಟಾ ಬೇರಿಯಮ್ ಬೋರೇಟ್) ಹರಳಿನಲ್ಲಿ ಸೇರುತ್ತವೆ. ಆಚೆ ಸ್ಪೆಕ್ಟ್ರೋಮೀಟರ್. ಭಾಗಗಳು ಇಷ್ಟೇ. ಗಮನ ಕೊಡಬೇಕಾದ್ದು ಗಾಜಿನ ಕಡೆ.

ಗಾಜಿನ ಪ್ರತಿ ಮಿಲಿಮೀಟರೂ ಪಲ್ಸನ್ನು ಎಳೆಯುತ್ತದೆ, ಯಾಕೆಂದರೆ ಗಾಜಿನಲ್ಲಿ ಒಂದೊಂದು ಬಣ್ಣದ ವೇಗ ಒಂದೊಂದು. ಇದೇ ಡಿಸ್ಪರ್ಷನ್. 800 ನ್ಯಾನೋಮೀಟರಿನಲ್ಲಿ ಬಿಕೆ7 ಗಾಜು ಮಿಲಿಮೀಟರಿಗೆ ಸುಮಾರು 45 ಚದರ ಫೆಮ್ಟೋಸೆಕೆಂಡ್ ಡಿಸ್ಪರ್ಷನ್ ಸೇರಿಸುತ್ತದೆ. ಫ್ಯೂಸ್ಡ್ ಸಿಲಿಕಾ ಸುಮಾರು 36. ಚಪ್ಪಟೆ ಫೇಸಿನ 50 ಫೆಮ್ಟೋಸೆಕೆಂಡ್ ಪಲ್ಸ್ 10 ಮಿಲಿಮೀಟರ್ ಬಿಕೆ7 ದಾಟಿದರೆ 56 ಆಗುತ್ತದೆ, ಪರವಾಗಿಲ್ಲ. ಅದೇ ಗಾಜನ್ನು 20 ಫೆಮ್ಟೋಸೆಕೆಂಡ್ ಪಲ್ಸ್ ದಾಟಿದರೆ 65 ಆಗಿಬಿಡುತ್ತದೆ! ಪಲ್ಸ್ ಚಿಕ್ಕದಾದಷ್ಟೂ ಹೊಡೆತ ಜಾಸ್ತಿ. ಹಾಗಾಗಿ ಬೀಮ್ ಸ್ಪ್ಲಿಟರ್ ತೆಳುವಾಗಿರಲಿ. ಎರಡೂ ತೋಳುಗಳಲ್ಲಿ ಗಾಜಿನ ದಪ್ಪ ಸಮನಾಗಿರಲಿ, ಮೈಕೆಲ್ಸನ್ನಿನ ಕಾಂಪೆನ್ಸೇಟಿಂಗ್ ಪ್ಲೇಟ್ ನೆನಪಿದೆ ಅಲ್ವಾ? ಚಿಕ್ಕ ಪಲ್ಸಾದರೆ ಫೋಕಸ್ ಮಾಡಲು ಲೆನ್ಸ್ ಬಿಟ್ಟು ಬಾಗಿದ ಕನ್ನಡಿ ಬಳಸಿ. ಪ್ರಯೋಗ ನಡೆಯುವ ಜಾಗಕ್ಕೂ ಅಳೆಯುವ ಜಾಗಕ್ಕೂ ನಡುವೆ ಯಾವ ಯಾವ ಗಾಜು ಇದೆ ಎಂದು ಪಟ್ಟಿ ಮಾಡಿಡಿ. ಅಳೆದ ಪಲ್ಸ್ ಒಂದು, ಸ್ಯಾಂಪಲ್ಲಿಗೆ ಬಿದ್ದ ಪಲ್ಸ್ ಇನ್ನೊಂದು ಆಗಬಾರದು.

ಇನ್ನು ಹರಳಿನ ದಪ್ಪ. 800ರಿಂದ 400 ಮಾಡಲು ಬಿಬಿಒವನ್ನು ಸುಮಾರು 29 ಡಿಗ್ರಿ ಕೋನಕ್ಕೆ ಕತ್ತರಿಸಿರುತ್ತಾರೆ. ಹರಳಿನೊಳಗೆ 800ರ ಬೆಳಕಿಗೂ 400ರ ಬೆಳಕಿಗೂ ವೇಗ ಬೇರೆ. ಒಂದು ಮಿಲಿಮೀಟರಿನಲ್ಲಿ ಸುಮಾರು 190 ಫೆಮ್ಟೋಸೆಕೆಂಡ್ ಹಿಂದೆಮುಂದೆ ಆಗುತ್ತವೆ. ದಪ್ಪ ಹರಳಾದರೆ ಸಿಗ್ನಲ್ ಧಾರಾಳ, ಆದರೆ ಸ್ಪೆಕ್ಟ್ರಮ್ಮಿನ ಅಂಚುಗಳು ಕತ್ತರಿಸಿ ಹೋಗುತ್ತವೆ. 50 ಫೆಮ್ಟೋಸೆಕೆಂಡ್ ಪಲ್ಸಿಗೆ 100 ಮೈಕ್ರಾನ್ ಹರಳು ಸಾಕು. ಹತ್ತರ ಹತ್ತಿರ ಹೋದರೆ 10, 20 ಮೈಕ್ರಾನಿಗೆ ಇಳಿಯಬೇಕು. ಸಿಗ್ನಲ್ ಕಡಿಮೆ ಬಂತು ಎಂದು ದಪ್ಪ ಹರಳು ಹಾಕುವ ಆಸೆಗೆ ಬೀಳಬೇಡಿ. ಚೆನ್ನಾಗಿ ಕಾಣುವ ತಪ್ಪು ಟ್ರೇಸಿಗಿಂತ ಮಂಕಾದ ಸರಿ ಟ್ರೇಸ್ ಮೇಲು.

ಇದಕ್ಕೊಂದು ಅಪವಾದ ಇದೆ. ಟ್ರೆಬಿನೊ ತಂಡವೇ 2001ರಲ್ಲಿ ತಂದ ಗ್ರೆನೂಯ್ ಎನ್ನುವ ಉಪಕರಣ ಬೇಕಂತಲೇ ದಪ್ಪ ಹರಳು ಬಳಸುತ್ತದೆ. ಒಂದೊಂದು ಕೋನದಲ್ಲಿ ಒಂದೊಂದು ಬಣ್ಣ ಹೊರಬರುವಂತೆ ಮಾಡಿ, ಆ ಹರಳನ್ನೇ ಸ್ಪೆಕ್ಟ್ರೋಮೀಟರ್ ಆಗಿಸುತ್ತದೆ. ನೀವು ಹೋಗುವ ಲ್ಯಾಬಿನಲ್ಲಿ ಅಂಥ ರೆಡಿಮೇಡ್ ಪೆಟ್ಟಿಗೆ ಇದ್ದರೆ ಜೋಡಣೆಯ ಕೆಲಸ ತಪ್ಪಿತು. ಮುಂದೆ ಹೇಳುವ ಪರೀಕ್ಷೆಗಳು ಮಾತ್ರ ತಪ್ಪುವುದಿಲ್ಲ, ಅವು ಪೆಟ್ಟಿಗೆಗೂ ಬೇಕು.

ಸೊನ್ನೆ ಡಿಲೇ ಹುಡುಕುವುದು

ಜಾಸ್ತಿ ಹೊತ್ತು ತಿನ್ನುವುದು ಇದೇ. ಮೊದಲು ಟೇಪಿನಲ್ಲಿ ಅಥವಾ ಸ್ಕೇಲಿನಲ್ಲಿ ಎರಡೂ ತೋಳುಗಳ ಉದ್ದ ಅಳೆದು ಮಿಲಿಮೀಟರ್ ಮಟ್ಟಕ್ಕೆ ಸಮ ಮಾಡಿ. ಆಮೇಲೆ ಒಂದು ಬೀಮ್ ಮುಚ್ಚಿ, ಇನ್ನೊಂದರಿಂದ ಹರಳಿನಲ್ಲಿ ನೀಲಿ ಬರುವಂತೆ ಹರಳನ್ನು ಓರೆ ಮಾಡಿ. ಮುಚ್ಚಿದ್ದನ್ನು ತೆಗೆದು ಇನ್ನೊಂದಕ್ಕೂ ಹಾಗೇ. ಎರಡೂ ಹೆಚ್ಚುಕಡಿಮೆ ಸಮ ಹೊಳಪಿಗೆ ಬರಲಿ. ಹರಳಿನ ಆಚೆ ಒಂದು ಬಿಳಿ ವಿಸಿಟಿಂಗ್ ಕಾರ್ಡ್ ಹಿಡಿಯಿರಿ. 400 ನ್ಯಾನೋಮೀಟರ್ ಬೆಳಕು ಬಿದ್ದಲ್ಲಿ ಬಿಳಿ ಕಾಗದ ತಿಳಿನೀಲಿಯಾಗಿ ಹೊಳೆಯುತ್ತದೆ. ಕಾರ್ಡಿನ ಮೇಲೆ ಎಡಕ್ಕೊಂದು, ಬಲಕ್ಕೊಂದು ಚುಕ್ಕೆ ಕಾಣುತ್ತವೆ. ಇವು ಒಂದೊಂದು ಬೀಮಿನ ಸ್ವಂತ ಚುಕ್ಕೆಗಳು.

ಈಗ ಸ್ಟೇಜನ್ನು ನಿಧಾನವಾಗಿ ಸರಿಸುತ್ತಾ ಹೋಗಿ. ಕಣ್ಣು ಎರಡು ಚುಕ್ಕೆಗಳ ನಡುವಿನ ಖಾಲಿ ಜಾಗದ ಮೇಲಿರಲಿ. ಎರಡು ಪಲ್ಸುಗಳು ಹರಳಿನಲ್ಲಿ ಒಂದೇ ಕ್ಷಣಕ್ಕೆ ಸೇರಿದಾಗ ಅಲ್ಲಿ ಮೂರನೇ ಚುಕ್ಕೆ ಚಕ್ಕನೆ ಹೊಳೆದು ಮಾಯವಾಗುತ್ತದೆ. 50 ಫೆಮ್ಟೋಸೆಕೆಂಡ್ ಪಲ್ಸಿಗೆ ಸ್ಟೇಜಿನ ಹತ್ತಿಪ್ಪತ್ತು ಮೈಕ್ರಾನಿನೊಳಗೆ ಇಡೀ ಆಟ ಮುಗಿಯುತ್ತದೆ. ಬಿರುಸಾಗಿ ತಿರುಗಿಸಿದರೆ ಕಾಣದೇ ದಾಟಿಬಿಡುತ್ತೀರಿ. ಚುಕ್ಕೆ ಸಿಗದಿದ್ದರೆ ಡಿಲೇ ಒಂದನ್ನೇ ಹುಡುಕುತ್ತಾ ಕೂರಬೇಡಿ. ಎರಡು ಬೀಮುಗಳು ಹರಳಿನ ಮೇಲೆ ಒಂದೇ ಜಾಗದಲ್ಲಿ ಬೀಳುತ್ತಿವೆಯೇ ಎಂದು ಮತ್ತೆ ನೋಡಿ. ತೊಂದರೆ ಸಾಮಾನ್ಯವಾಗಿ ಅಲ್ಲಿರುತ್ತದೆ.

ನಡುವಿನ ಚುಕ್ಕೆ ಸಿಕ್ಕ ಮೇಲೆ ಐರಿಸ್ ಇಟ್ಟು ಪಕ್ಕದ ಎರಡನ್ನೂ ಮುಚ್ಚಿ, ನಡುವಿನದನ್ನು ಮಾತ್ರ ಸ್ಪೆಕ್ಟ್ರೋಮೀಟರಿಗೆ ಬಿಡಿ.

ಟ್ರೇಸ್ ತೆಗೆಯುವುದು

ಎಷ್ಟು ಹೆಜ್ಜೆ, ಎಷ್ಟು ದೊಡ್ಡ ಹೆಜ್ಜೆ? 50 ಫೆಮ್ಟೋಸೆಕೆಂಡ್ ಸುಮಾರಿನ ಪಲ್ಸಿಗೆ 4 ಫೆಮ್ಟೋಸೆಕೆಂಡಿನ 128 ಹೆಜ್ಜೆ ಒಳ್ಳೆಯ ಆರಂಭ. 4 ಫೆಮ್ಟೋಸೆಕೆಂಡ್ ಡಿಲೇ ಅಂದರೆ ದಾರಿಯಲ್ಲಿ 1.2 ಮೈಕ್ರಾನ್. ಬೆಳಕು ಸ್ಟೇಜಿನ ಮೇಲೆ ಹೋಗಿ ಬರುವುದರಿಂದ ಸ್ಟೇಜ್ ಸರಿಯಬೇಕಾದ್ದು ಅದರ ಅರ್ಧ, 0.6 ಮೈಕ್ರಾನ್. ಈ ಅರ್ಧವನ್ನು ಮರೆತರೆ ಪಲ್ಸಿನ ಅಗಲ ನೇರವಾಗಿ ಎರಡು ಪಟ್ಟು ತಪ್ಪುತ್ತದೆ. ಒಟ್ಟು ಕಿಟಕಿ 512 ಫೆಮ್ಟೋಸೆಕೆಂಡ್. ಫೂರಿಯೆ ಲೆಕ್ಕದಲ್ಲಿ ಫ್ರೀಕ್ವೆನ್ಸಿಯ ಹೆಜ್ಜೆ ಅದರ ವಿಲೋಮ, ಸುಮಾರು 1.95 ಟೆರಾಹರ್ಟ್ಸ್. 400 ನ್ಯಾನೋಮೀಟರಿನಲ್ಲಿ ಅದು ಒಂದು ನ್ಯಾನೋಮೀಟರ್. ನಿಮ್ಮ ಸ್ಪೆಕ್ಟ್ರೋಮೀಟರ್ ಇದಕ್ಕಿಂತ ಸೂಕ್ಷ್ಮವಾಗಿರಬೇಕು.

ಟ್ರೇಸ್ ಚಿತ್ರದ ನಾಲ್ಕೂ ಅಂಚಿನಲ್ಲಿ ಕಪ್ಪಾಗಿರಬೇಕು. ಅಂಚಿಗೆ ತಾಗಿ ಕತ್ತರಿಸಿದಂತಿದ್ದರೆ ಕಿಟಕಿ ಸಾಲದು. ಬೀಮ್ ಮುಚ್ಚಿ ತೆಗೆದ ಹಿನ್ನೆಲೆಯನ್ನು ಕಳೆಯಿರಿ. ಚದುರಿದ ನೀಲಿ ಬೆಳಕು ಡಿಲೇ ಏನೇ ಇದ್ದರೂ ಒಂದೇ ಸಮ ಬರುತ್ತಿರುತ್ತದೆ. ಕಂಪ್ಯೂಟರ್ ಅದನ್ನು ಬಹಳ ಉದ್ದದ ಪಲ್ಸ್ ಅಂತ ಭಾವಿಸುತ್ತದೆ.

ಇನ್ನೊಂದು ಸಣ್ಣದಾಗಿ ಕಾಣುವ ದೊಡ್ಡ ವಿಷಯ. ಸ್ಪೆಕ್ಟ್ರೋಮೀಟರ್ ತರಂಗಾಂತರದ ಲೆಕ್ಕದಲ್ಲಿ ಡೇಟಾ ಕೊಡುತ್ತದೆ. ಅಲ್ಗಾರಿದಮ್ಮಿಗೆ ಫ್ರೀಕ್ವೆನ್ಸಿ ಬೇಕು. ಅಕ್ಷ ಬದಲಿಸಿದರಷ್ಟೇ ಸಾಲದು, ತೀವ್ರತೆಯನ್ನು ತರಂಗಾಂತರದ ವರ್ಗದಿಂದ ಗುಣಿಸಬೇಕು. ಹರವು ಜಾಸ್ತಿ ಇರುವ ಪಲ್ಸುಗಳಲ್ಲಿ ಇದನ್ನು ಬಿಟ್ಟರೆ ಚಿತ್ರ ಒಂದು ಕಡೆಗೆ ವಾಲುತ್ತದೆ.

ಈಗ ಟ್ರೇಸನ್ನು ಕಣ್ಣಿನಿಂದ ನೋಡಿ. ಎಸ್‌ಎಚ್‌ಜಿ ಫ್ರಾಗ್ ಟ್ರೇಸ್ ಎಡಬಲ ಸಮವಾಗಿರಲೇಬೇಕು. ಪಲ್ಸ್ ಹೇಗೇ ಇರಲಿ, ಗಣಿತ ಅದನ್ನೇ ಹೇಳುತ್ತದೆ. ಸಮವಾಗಿಲ್ಲದಿದ್ದರೆ ತೋಳುಗಳಲ್ಲಿ ಗಾಜು ಬೇರೆ ಬೇರೆ ಇದೆ, ಇಲ್ಲವೇ ಬೀಮಿನಲ್ಲಿ ಬಣ್ಣಗಳು ಪಕ್ಕಕ್ಕೆ ಚದುರಿವೆ, ಇಲ್ಲವೇ ಸ್ಟೇಜ್ ಸರಿದಂತೆ ಬೀಮ್ ಅಲುಗಾಡುತ್ತಿದೆ. ಸಾಫ್ಟ್‌ವೇರಿನಲ್ಲಿ 'ಸಿಮಿಟ್ರೈಸ್' ಗುಂಡಿ ಇರುತ್ತದೆ. ದಯವಿಟ್ಟು ಮೊದಲೇ ಅದನ್ನು ಒತ್ತಬೇಡಿ. ಟೇಬಲ್ಲಿನ ಮೇಲಿನ ದೋಷವನ್ನು ಅದು ಮುಚ್ಚಿಬಿಡುತ್ತದೆ.

ಲೆಕ್ಕ ಬಿಡಿಸುವುದು, ಉತ್ತರವನ್ನು ಪರೀಕ್ಷಿಸುವುದು

ಅಲ್ಗಾರಿದಮ್ ಮಾಡುವುದು ಇಷ್ಟು. ಯಾವುದೋ ಒಂದು ಪಲ್ಸ್ ಊಹಿಸಿ ಅದರ ಟ್ರೇಸ್ ಮಾಡುತ್ತದೆ. ಅದರಲ್ಲಿ ತೀವ್ರತೆಯ ಜಾಗಕ್ಕೆ ನೀವು ಅಳೆದದ್ದನ್ನು ಹಾಕಿ, ಫೇಸನ್ನು ಹಾಗೇ ಉಳಿಸಿಕೊಂಡು ಹಿಂದಕ್ಕೆ ಬಂದು ಊಹೆ ತಿದ್ದುತ್ತದೆ. ಎರಡೂ ಟ್ರೇಸ್ ಒಂದಕ್ಕೊಂದು ಹೊಂದುವ ತನಕ ಸುತ್ತುತ್ತಲೇ ಇರುತ್ತದೆ. 128ರ ಗ್ರಿಡ್ಡಿನಲ್ಲಿ ಫ್ರಾಗ್ ಎರರ್ (ಎರಡು ಟ್ರೇಸುಗಳ ನಡುವಿನ ಸರಾಸರಿ ವ್ಯತ್ಯಾಸ) ಒಂದು ಶೇಕಡಕ್ಕಿಂತ ಕೆಳಗೆ ಬಂದರೆ ಸುಮಾರು ಸರಿ, ಅರ್ಧಕ್ಕಿಂತ ಕೆಳಗೆ ಬಂದರೆ ಚೆನ್ನ. ಆದರೆ ಟ್ರೇಸಿನಲ್ಲಿ ಕಪ್ಪು ಜಾಗವೇ ಜಾಸ್ತಿ ಇದ್ದರೂ ಎರರ್ ತಾನಾಗಿ ಕಡಿಮೆ ಕಾಣುತ್ತದೆ. ಹಾಗಾಗಿ ನಂಬರ್ ಒಂದನ್ನೇ ನಂಬದೆ, ಅಳೆದ ಟ್ರೇಸ್ ಮತ್ತು ಲೆಕ್ಕದ ಟ್ರೇಸ್ ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಬೇರೆ ಊಹೆಗಳಿಂದ ಮತ್ತೆ ಮತ್ತೆ ಓಡಿಸಿ. ಪ್ರತಿಸಲವೂ ಅದೇ ಪಲ್ಸ್ ಬರಬೇಕು. ಎಷ್ಟು ಸುತ್ತಿದರೂ ಎರಡು ಟ್ರೇಸ್ ಹೊಂದದಿದ್ದರೆ ಲೇಸರ್ ಅಸ್ಥಿರ ಇರಬಹುದು. ಫ್ರಾಗ್‌ನ ದೊಡ್ಡ ಗುಣ ಅದೇ: ಪಲ್ಸುಗಳು ಒಂದೇ ಥರ ಇಲ್ಲದಿದ್ದರೆ ಹೊಂದಾಣಿಕೆ ಆಗದೆ ನಿಮಗೆ ಸುಳಿವು ಕೊಡುತ್ತದೆ.

ಆಮೇಲೆ ಸ್ಪೆಕ್ಟ್ರಮ್. ಲೆಕ್ಕದಿಂದ ಬಂದ ಪಲ್ಸಿನ ಸ್ಪೆಕ್ಟ್ರಮ್ಮನ್ನು, ಬೇರೆಯಾಗಿ ನೇರ 800ರಲ್ಲಿ ಅಳೆದ ಸ್ಪೆಕ್ಟ್ರಮ್ಮಿನ ಮೇಲಿಟ್ಟು ನೋಡಿ. ಇನ್ನೂ ಒಳ್ಳೆಯದು, ಟ್ರೇಸನ್ನು ಡಿಲೇ ಉದ್ದಕ್ಕೂ ಕೂಡಿಸಿ. ಬರುವ ರೇಖೆ ನೇರ ಅಳೆದ ಸ್ಪೆಕ್ಟ್ರಮ್ಮನ್ನು ಅದರೊಂದಿಗೇ ಕನ್ವಾಲ್ವ್ ಮಾಡಿದ್ದಕ್ಕೆ ಸಮನಾಗಿರಬೇಕು. ಅಂಚುಗಳಲ್ಲಿ ಕಡಿಮೆ ಬಂದರೆ ಹರಳು ದಪ್ಪವಾಯಿತು, ಇಲ್ಲವೇ ಅದರ ಓರೆ ತಪ್ಪಿದೆ. ಅಲ್ಗಾರಿದಮ್ ಓಡಿಸುವ ಮೊದಲೇ ಈ ಪರೀಕ್ಷೆ ಮಾಡಬಹುದು, ಮಾಡಬೇಕು.

ಕೊನೆಗೆ ಗಾಜಿನ ಪರೀಕ್ಷೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ದಪ್ಪ ಗೊತ್ತಿರುವ, ಜಾತಿ ಗೊತ್ತಿರುವ ಒಂದು ಗಾಜಿನ ತುಂಡು ತೆಗೆದುಕೊಳ್ಳಿ. 20 ಮಿಲಿಮೀಟರ್ ಬಿಕೆ7 ಅನ್ನಿ. ಬೀಮ್ ಸ್ಪ್ಲಿಟರಿಗೆ ಮೊದಲೇ ಬೀಮಿನಲ್ಲಿಟ್ಟು ಮತ್ತೊಂದು ಟ್ರೇಸ್ ತೆಗೆಯಿರಿ. ಮೊದಲ ಅಳತೆ ಚಪ್ಪಟೆ ಫೇಸಿನ 50 ಫೆಮ್ಟೋಸೆಕೆಂಡ್ ಆಗಿದ್ದರೆ, ಎರಡನೆಯದು ಸುಮಾರು 70 ಬರಬೇಕು. ಎರಡೂ ಅಳತೆಗಳ ಸ್ಪೆಕ್ಟ್ರಲ್ ಫೇಸನ್ನು ಕಳೆದರೆ ಸುಮಾರು 890 ಚದರ ಫೆಮ್ಟೋಸೆಕೆಂಡಿನ ಪ್ಯಾರಾಬೋಲಾ ಸಿಗಬೇಕು. ಸಿಕ್ಕಿತೋ, ನಿಮ್ಮ ಡಿಲೇ ಸ್ಟೇಜ್, ಸ್ಪೆಕ್ಟ್ರೋಮೀಟರ್, ಕೋಡ್ ಮೂರೂ ಸರಿ ಇವೆ ಎಂದು ಧೈರ್ಯವಾಗಿ ಹೇಳಬಹುದು. ಬದಲಿಗೆ ನಂಬರುಗಳು ಬಹಳ ಹೆಚ್ಚುಕಡಿಮೆ ಬಂದರೆ ಸ್ಟೇಜಿನ ಆ ಅರ್ಧವನ್ನು ಮತ್ತೆ ನೋಡಿ.

ಹರಿಹರದ ಹುಡುಗಿಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 800 ನ್ಯಾನೋಮೀಟರಿನಲ್ಲಿ ಗಾಜು ಯಾವಾಗಲೂ ಪಾಸಿಟಿವ್ ಚರ್ಪನ್ನೇ ಸೇರಿಸುತ್ತದೆ. ಗಾಜು ಇಟ್ಟಾಗ ಪಲ್ಸ್ ಅಗಲವಾದರೆ ಮೊದಲೇ ಪಾಸಿಟಿವ್ ಇತ್ತು ಅಥವಾ ಚಪ್ಪಟೆ ಇತ್ತು. ಚಿಕ್ಕದಾದರೆ ನೆಗೆಟಿವ್ ಇತ್ತು. ಹಿಂದುಮುಂದಿನ ಗೊಂದಲ ಮುಗಿಯಿತು. ನೆಗೆಟಿವ್ ಚರ್ಪ್ ಕಡಿಮೆ ಇದ್ದು ಗಾಜು ದಪ್ಪವಾಗಿದ್ದರೆ ಪಲ್ಸ್ ಚಿಕ್ಕದಾಗಿ ಮತ್ತೆ ಅಗಲವಾಗಬಹುದು, ಅದಕ್ಕೇ ತೆಳು ಗಾಜಿನಲ್ಲೂ ಒಮ್ಮೆ ನೋಡಿ. ಪಿಯುಸಿ ಲ್ಯಾಬಿನ ಗ್ಲಾಸ್ ಸ್ಲ್ಯಾಬ್ ಇದಕ್ಕೆ ಆಗುವುದಿಲ್ಲ. ಯಾವ ಗಾಜು ಅಂತ ಗೊತ್ತಿರುವುದಿಲ್ಲ, ಮುಖಗಳ ಪಾಲಿಶ್ ಕೂಡ ಸಾಲದು.

ಫೇಸ್ ಓದಿ, ಲೇಸರ್ ಸರಿಮಾಡುವುದು

ಫಲಿತಾಂಶದಲ್ಲಿ ಎರಡು ಚಿತ್ರ: ಕಾಲದ ಮೇಲೆ ತೀವ್ರತೆ ಮತ್ತು ಫೇಸ್, ಫ್ರೀಕ್ವೆನ್ಸಿಯ ಮೇಲೆ ತೀವ್ರತೆ ಮತ್ತು ಫೇಸ್. ತೀವ್ರತೆ ಸೊನ್ನೆಯಾದ ಕಡೆ ಫೇಸ್ ಹುಚ್ಚಾಪಟ್ಟೆ ಕುಣಿಯುತ್ತದೆ. ಅದಕ್ಕೆ ಅರ್ಥವಿಲ್ಲ, ಅಲ್ಲಿ ಗೆರೆಯನ್ನು ಅಳಿಸಿಬಿಡಿ. ಫೇಸಿನ ಒಟ್ಟು ಎತ್ತರವೂ ಅದರ ನೇರ ಓರೆಯೂ ಫ್ರಾಗ್‌ನಿಂದ ಸಿಗುವುದಿಲ್ಲ. ಓರೆ ಅಂದರೆ ಪಲ್ಸ್ ಯಾವಾಗ ಬಂತು ಎನ್ನುವುದು ಮಾತ್ರ, ಅದರಿಂದ ನಷ್ಟವಿಲ್ಲ.

ಉಳಿದದ್ದು ಬಾಗು. ಸ್ಪೆಕ್ಟ್ರಲ್ ಫೇಸ್ ಪ್ಯಾರಾಬೋಲಾದಂತಿದ್ದರೆ ಸರಳ ಚರ್ಪ್. ಪಲ್ಸನ್ನು ಕುಗ್ಗಿಸುವ ಕಂಪ್ರೆಸರಿನ ಗ್ರೇಟಿಂಗುಗಳ ನಡುವಿನ ದೂರ ಬದಲಿಸಿ, ಪ್ರಿಸಂ ಜೋಡಿ ಇದ್ದರೆ ಗಾಜನ್ನು ಒಳಗೆ ಹೊರಗೆ ಸರಿಸಿ. ಫೇಸ್ ಎಸ್ ಅಕ್ಷರದಂತೆ ಬಾಗಿದ್ದು, ಕಾಲದ ಚಿತ್ರದಲ್ಲಿ ಮುಖ್ಯ ಪಲ್ಸಿನ ಒಂದೇ ಬದಿಗೆ ಸಣ್ಣ ಸಣ್ಣ ಮರಿಗಳು ಕಾಣುತ್ತಿದ್ದರೆ ಅದು ಮೂರನೇ ದರ್ಜೆಯದು. ದೂರ ಬದಲಿಸಿದರಷ್ಟೇ ಹೋಗುವುದಿಲ್ಲ, ಗ್ರೇಟಿಂಗಿನ ಕೋನವನ್ನೂ ಮುಟ್ಟಬೇಕು. ಆಟೋಕೋರಿಲೇಶನ್ ಒಂದನ್ನೇ ನಂಬಿಕೊಂಡವರು ಅಗಲ ಕಡಿಮೆ ಮಾಡಲು ದೂರವನ್ನೇ ಹಿಂದೆಮುಂದೆ ತಿರುಗಿಸುತ್ತಾ ಸಂಜೆ ಮಾಡುವುದು ಇಂಥ ಕಡೆಯೇ.

ಒಮ್ಮೆ ತಿರುಗಿಸಿ, ಒಮ್ಮೆ ಅಳೆಯಿರಿ. ಎರಡು ನಾಬ್ ಒಟ್ಟಿಗೆ ಮುಟ್ಟಬೇಡಿ. ಪ್ರತಿ ಟ್ರೇಸಿನ ಕಚ್ಚಾ ಫೈಲನ್ನು ತಿದ್ದದೆ ಇಟ್ಟುಕೊಳ್ಳಿ. ಅದರ ಜೊತೆಗೆ ಹರಳಿನ ದಪ್ಪ, ಹೆಜ್ಜೆಯ ಗಾತ್ರ, ಹಿನ್ನೆಲೆಯ ಫೈಲ್, ಗಾಜಿನ ಪರೀಕ್ಷೆಯಲ್ಲಿ ಬಂದ ನಂಬರ್, ಪಾದರಸದ ಗೆರೆಗಳು ಯಾವ ಪಿಕ್ಸೆಲ್ಲಿನಲ್ಲಿ ಬಂದವು ಎನ್ನುವುದನ್ನೂ ಬರೆದಿಡಿ. ಗೈಡ್ ಕೇಳಿದಾಗ ನಂಬರ್ ಜೊತೆ ಈ ಪುಟವನ್ನೂ ತೋರಿಸಿ.